ಕ್ಯಾಸೆಟ್ಟಿನ ಎರಡನೇ ಮಗ್ಗಲು

ನನಗೆ ಬಾಯಿಪಾಠ ಬರುವುದು ಅರ್ಧ ಕ್ಯಾಸೆಟ್ಟು. ಅದೂ ಎರಡನೇ ಅರ್ಧ. ಮೊದಲನೇ ಅರ್ಧ ನನ್ನ ಗಂಡನ ಪಾಲಿನದು. ಜನ ತಮ್ಮ ಹರೆಯದ ಹಾಡುಗಳನ್ನು ನೆನೆಸುವಾಗ ಕಣ್ಣು ಮುಚ್ಚಿ ತಲೆದೂಗುತ್ತಾರೆ. ನನಗೆ ಹಾಗೇನೂ ಆಗುವುದಿಲ್ಲ. ಆ ಕ್ಯಾಸೆಟ್ಟು ಎಂದರೆ ನನಗೆ ಬೋರಿವಲಿಯ ಸಿಮೆಂಟು ನೆನಪಾಗುತ್ತದೆ, ಮೂತ್ರ ನೆನಪಾಗುತ್ತದೆ. ಯಾಕೆ ಎಂದು ಹೇಳುತ್ತೇನೆ.

ಕ್ಯಾಸೆಟ್ಟು ತಂದವನು ನನ್ನ ಗಂಡ. ಮದುವೆಯಾದ ಹೊಸತು. ವಿಜಾಪುರದ ಕಡೆಯಿಂದ ಮುಂಬಯಿಗೆ ಬರುತ್ತಿದ್ದೆವು. ಸೊಲ್ಲಾಪುರದಲ್ಲಿ ಗಾಡಿ ಬದಲಿಸಬೇಕಿತ್ತು. ನನಗೆ ಹಸಿವಾಗಿತ್ತು. ಬಾಳೆಹಣ್ಣು ತರುತ್ತೇನೆ ಎಂದು ಸ್ಟೇಶನ್ನಿನ ಹೊರಗೆ ಹೋದವನು ಕ್ಯಾಸೆಟ್ಟು ತಂದ. ನಮ್ಮ ಹತ್ತಿರ ಟೇಪ್‌ರೆಕಾರ್ಡರ್ ಇರಲಿಲ್ಲ. ಹೋಗಿ ಸೇರಬೇಕಾದ ಗುಡಿಸಲಲ್ಲಿ ಕರೆಂಟೂ ಇರಲಿಲ್ಲ.

"ಬಾಳೆಹಣ್ಣ ಎಲ್ಲದಾವು?" ಅಂದೆ.

"ಬಾಳೆಹಣ್ಣ ತಿಂದ್ರ ಖಾಲಿ ಆಗ್ತಾವ. ಇದು ಖಾಲಿ ಆಗೂದಿಲ್ಲ" ಅಂದ.

ಮುಂಬಯಿ ಮುಟ್ಟುವವರೆಗೂ ನಾನು ಅವನ ಜೊತೆ ಮಾತಾಡಲಿಲ್ಲ. ಅವನಿಗೆ ಅದು ತಿಳಿಯಲೂ ಇಲ್ಲ. ಡಬ್ಬಿಯ ಮೇಲಿನ ಚಿತ್ರ ನೋಡುತ್ತ ಕುಂತಿದ್ದ.

ಅದು ಗೀಗೀ ಪದದ ಕ್ಯಾಸೆಟ್ಟು. ನಮ್ಮ ಕಡೆ ಗೀಗೀ ಪದದಲ್ಲಿ ಎರಡು ಮೇಳ ಎದುರು ಬದುರು ನಿಲ್ಲುತ್ತವೆ. ಹರದೇಶಿಯವರು ಗಂಡು ಹೆಚ್ಚು ಅನ್ನುತ್ತಾರೆ. ನಾಗೇಶಿಯವರು ಹೆಣ್ಣು ಹೆಚ್ಚು ಅನ್ನುತ್ತಾರೆ. ಒಬ್ಬರು ಹಾಡಿನಲ್ಲಿ ಸವಾಲು ಒಗೆಯುತ್ತಾರೆ, ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಜವಾಬು ಬರುವವರೆಗೆ ಸವಾಲು ಕೇಳಿದವರು ಮುಂದಿನ ಪದ ಎತ್ತುವುದಿಲ್ಲ. ದಪ್ಪು ಬಾರಿಸುವವನು ಕೈ ತಡೆದು ನಿಲ್ಲುತ್ತಾನೆ. ಇದು ಕಟ್ಟುನಿಟ್ಟು. ನಮ್ಮ ಕ್ಯಾಸೆಟ್ಟಿನಲ್ಲಿ ಮೊದಲನೇ ಮಗ್ಗಲಲ್ಲಿ ಹರದೇಶಿ, ಎರಡನೇ ಮಗ್ಗಲಲ್ಲಿ ನಾಗೇಶಿ.

ನಾವು ಇದ್ದದ್ದು ಆಂಟಾಪ್ ಹಿಲ್‌ನ ಕೆಳಗಿನ ಗುಡಿಸಲುಗಳಲ್ಲಿ. ಸುತ್ತಲೂ ನಮ್ಮ ಕಡೆಯವರೇ. ಓಣಿಯ ತುದಿಗೆ ಮಂಗಳೂರು ಕಡೆಯವನ ಒಂದು ಚಹಾದಂಗಡಿ ಇತ್ತು. ಅವನ ಹತ್ತಿರ ಟೇಪ್‌ರೆಕಾರ್ಡರ್ ಇತ್ತು. ಭಾನುವಾರ ಸಂಜೆ ನನ್ನ ಗಂಡ ಅವನ ಮುಂದೆ ಕ್ಯಾಸೆಟ್ಟು ಹಿಡಿದು ನಿಂತ.

ಅಂಗಡಿಯವನು ಒಂದು ಗಳಿಗೆ ಕೇಳಿ, "ಎಂಥದು ಮಾರಾಯ್ರೆ ಇದು, ಹಾಡೋ ಜಗಳವೋ?" ಅಂದ.

"ಎರಡೂ ಐತ್ರಿ."

"ಕನ್ನಡವಾ?"

"ನಿಮ್ಮದ್ಯಾವ ಭಾಷಾ ಮತ್ತ?" ಅಂದ ನನ್ನ ಗಂಡ.

ಅಂಗಡಿಯವನಿಗೆ ಸಿಟ್ಟು ಬರಲಿಲ್ಲ. ಚಹಾ ಕುಡಿಯುವವರಿದ್ದರೆ ಯಾವ ಜಗಳವನ್ನಾದರೂ ಹಚ್ಚುವವನು ಅವನು. ಅಂದಿನಿಂದ ಪ್ರತಿ ಭಾನುವಾರ ಗಂಡಸರು ಅಲ್ಲಿ ಕುಂತು ಮೊದಲನೇ ಮಗ್ಗಲು ಕೇಳುತ್ತಿದ್ದರು. ಗಂಡು ಹೆಚ್ಚು ಎನ್ನುವುದು ಮುಗಿಯುವ ಹೊತ್ತಿಗೆ ಚಹಾವೂ ಮುಗಿಯುತ್ತಿತ್ತು. ಅದರ ಮುಂದೆ ಅವರಿಗೆ ಕೇಳುವಂಥದ್ದೇನೂ ಉಳಿದಿರಲಿಲ್ಲ. ಎದ್ದು ಹೋಗುತ್ತಿದ್ದರು, ಕೆಲವರು ಮನೆಗೆ, ಕೆಲವರು ಸಾರಾಯಿ ಅಂಗಡಿಗೆ. ಅಂಗಡಿಯವನು ಗಲ್ಲಾಸು ತೊಳೆಯುತ್ತ ಸುಮ್ಮನೆ ಕ್ಯಾಸೆಟ್ಟು ಹೊರಳಿಸಿ ಹಾಕುತ್ತಿದ್ದ. ಅವನಿಗೆ ಗದ್ದಲ ಇದ್ದರೆ ಸಾಕು.

ಅಂಗಡಿಯ ಎದುರಿಗೇ ನಮ್ಮ ನಲ್ಲಿ. ನೀರು ಬರುತ್ತಿದ್ದದ್ದು ಅದೇ ಹೊತ್ತಿಗೆ. ಹೆಂಗಸರು ಕೊಡ ಸಾಲಾಗಿ ಇಟ್ಟು ಕುಂತಿರುತ್ತಿದ್ದೆವು. ಚಹಾದಂಗಡಿಯಲ್ಲಿ ಹೆಂಗಸರು ಕೂಡ್ರುವ ರೂಢಿ ಇರಲಿಲ್ಲ. ಹಾಗಾಗಿ ಎರಡನೇ ಮಗ್ಗಲು ನಮ್ಮ ಪಾಲಿಗೆ ಬಂತು. ನಾನು ಎರಡನೇ ಇಯತ್ತೆ ಓದಿದವಳು. ಶಾಲೆಯಲ್ಲಿ ಕಲಿತದ್ದೆಲ್ಲ ಮರೆತಿದ್ದೆ. ಇದು ಮಾತ್ರ ಕೊಡ ತುಂಬುವಷ್ಟರಲ್ಲಿ ಬಾಯಿಗೆ ಕುಂತಿತು. ಹಾಡುವ ಹೆಂಗಸಿನ ದನಿ ಚೆಂದವೇನೂ ಇರಲಿಲ್ಲ. ಒಡೆದ ದನಿ. ಆದರೆ ಆಕೆ ಯಾರಿಗೂ ಅಂಜುತ್ತಿರಲಿಲ್ಲ. ಅದು ನನಗೆ ಸೇರಿತು.

ಹೀಗೆ ಓಣಿಯ ಗಂಡಸರಿಗೆ ಒಂದು ಮಗ್ಗಲು ಬರುತ್ತಿತ್ತು, ಹೆಂಗಸರಿಗೆ ಇನ್ನೊಂದು.

ನಾವೆಲ್ಲ ಕಟ್ಟಡದ ಕೆಲಸದವರು. ಕೂಲಿಯವರನ್ನು ಕೂಡಿಸಿ ಕೆಲಸ ಮಾಡಿಸುವ ಮುಕಾದಮ ನಮ್ಮ ಕಡೆಯವನೇ, ಸಿಂದಗಿಯ ಹತ್ತಿರದವನು. ಕತ್ತಲಿರುವಾಗಲೇ ಟ್ರಕ್ಕಿನಲ್ಲಿ ತುಂಬಿಕೊಂಡು ಬೋರಿವಲಿಗೆ ಒಯ್ಯುತ್ತಿದ್ದ. ಆಗ ಅಲ್ಲಿ ಬಿಲ್ಡಿಂಗುಗಳು ಎದ್ದೇಳುತ್ತಿದ್ದ ಕಾಲ. ಸ್ಲ್ಯಾಬ್ ಹಾಕುವ ದಿನ ಗಂಡಸರು ಕೆಳಗೆ ಮಿಕ್ಸರಿನ ಹತ್ತಿರ ನಿಂತು ಘಮೇಲಾ ತುಂಬುತ್ತಿದ್ದರು. ಹೆಂಗಸರು ಬಿದಿರಿನ ಇಳಿಜಾರಿನ ಮೇಲೆ ಸಾಲಾಗಿ ನಿಂತು, ಆ ಕಬ್ಬಿಣದ ಬುಟ್ಟಿಗಳನ್ನು ಕೈಯಿಂದ ಕೈಗೆ ಮೇಲೆ ಕಳಿಸುತ್ತಿದ್ದೆವು. ಕೈಗಳು ಒಂದೇ ಲಯದಲ್ಲಿ ಆಡಬೇಕು. ಒಬ್ಬಳು ತಪ್ಪಿದರೆ ಕೆಳಗಿನವಳ ತಲೆಯ ಮೇಲೆ ಸಿಮೆಂಟು. ಅದಕ್ಕೇ ಹಾಡು. ಮಿಕ್ಸರಿನ ಗಂಡಸರು ತಮ್ಮ ಮಗ್ಗಲು ಹಾಡುತ್ತಿದ್ದರು, ನಾವು ನಮ್ಮದು. ನನ್ನ ಗಂಡ ಅವರಿಗೆ ಮುಂದಾಳು, ನಾನು ಇವರಿಗೆ. ಮುಕಾದಮನಿಗೆ ಇದು ಬಹಳ ಹಿಡಿಸಿತ್ತು, ಕೆಲಸ ಬೇಗ ಆಗುತ್ತಿತ್ತು.

ಒಂದೇ ತೊಂದರೆ. ನಮ್ಮ ಮಗ್ಗಲಲ್ಲಿ ಸವಾಲುಗಳಿದ್ದವು, ಅವುಗಳ ಜವಾಬೂ ಅದೇ ಮಗ್ಗಲ ಕೊನೆಗೆ ಇತ್ತು. ಅಷ್ಟು ಹೊತ್ತಿಗೆ ಗಂಡಸರು ಎದ್ದು ಹೋಗಿರುತ್ತಿದ್ದರಲ್ಲ, ಅವರಿಗೆ ಜವಾಬು ಗೊತ್ತಿರಲಿಲ್ಲ. ಮೊದಲನೇ ಸಲ ನಾನು, ಬಾಗಿಲಿಲ್ಲದ ಮನೆಯಲ್ಲಿ ಒಂಬತ್ತು ತಿಂಗಳು ಪುಗಸಟ್ಟೆ ಇದ್ದವನು ಯಾರು ಎಂದು ಹಾಡಿ ನಿಲ್ಲಿಸಿದೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು.

"ಜೇಲಿನ್ಯಾಗಿನ ಕಳ್ಳ!" ಅಂದ ಒಬ್ಬ.

ಇಳಿಜಾರಿನ ಮೇಲಿದ್ದ ಹೆಂಗಸರೆಲ್ಲ ನಕ್ಕು ಘಮೇಲಾ ಕೆಳಗಿಟ್ಟರು. ಜವಾಬು ಬರುವವರೆಗೆ ಎತ್ತುವಂತಿಲ್ಲ, ಅದು ನಿಯಮ. ಮುಕಾದಮ ಕೂಗಾಡಿದ. ಕೊನೆಗೆ ನಮ್ಮ ಸಾಲಿನ ಇಂಡಿಯವಳು, "ಹೊಟ್ಟಿಯೊಳಗಿನ ಕೂಸಲೇ ಮುಕಳ್ಯಾ, ನೀನೂ ಇದ್ದೀ ಅಲ್ಲಿ" ಎಂದು ತಾನೇ ಹೇಳಿದಳು. ಕೆಲಸ ಮುಂದುವರಿಯಿತು. ಅದು ನಮಗೆ ಆ ದಿನ ಸಿಕ್ಕ ಒಂದೇ ವಿಶ್ರಾಂತಿ. ಮುಂದೆ ಪ್ರತಿ ಸ್ಲ್ಯಾಬಿಗೂ ಹಾಗೇ ಮಾಡುತ್ತ ಬಂದೆವು. ಗಂಡಸರು ಯಾರೂ ಒಂದು ಭಾನುವಾರ ಇನ್ನಷ್ಟು ಹೊತ್ತು ಕುಂತು ಜವಾಬು ಕೇಳಿ ಬರಲಿಲ್ಲ. ನನಗೆ ಈಗಲೂ ಅದು ಅರ್ಥವಾಗಿಲ್ಲ.

ಇಂಡಿಯವಳೆಂದರೆ ನಮ್ಮೆಲ್ಲರಿಗಿಂತ ಹಿರಿಯಳು, ಇಂಡಿ ತಾಲೂಕಿನಿಂದ ಬಂದವಳು. ಎಲೆ ಅಡಿಕೆ ಜಗಿಯುತ್ತ ಮಾತಾಡುತ್ತಿದ್ದಳು, ಉಗುಳಿದ ಮೇಲೆ ಆಡಿದ ಮಾತೇ ಕೊನೆಯ ಮಾತು.

ಒಂದು ಮಳೆಗಾಲ ಕಳೆದ ಮೇಲೆ ನಾನು ಏಳು ತಿಂಗಳ ಬಸುರಿ. ಮೊದಲನೆಯದು ಏಳರಲ್ಲೇ ಹೋಗಿತ್ತು. ಗಂಡುಮಗು. ಅದರ ಬಗ್ಗೆ ಇಷ್ಟು ಸಾಕು. ಈ ಸಲ ಚಳಿ ಜ್ವರ ಬಂದು, ಉರಿ ಶುರುವಾಗಿ, ಸರಕಾರಿ ದವಾಖಾನೆಗೆ ಹೋದೆ. ಅಲ್ಲಿನ ನರ್ಸು ಬೈದಳು.

"ದಿನಾ ಎಷ್ಟ ನೀರ ಕುಡೀತಿ?" ಎಂದು ಮರಾಠಿಯಲ್ಲಿ ಕೇಳಿದಳು.

"ಕುಡಿಯೂದಿಲ್ಲ" ಅಂದೆ.

"ಯಾಕೆ?"

"ಕುಡದ್ರ ಹೋಗಬೇಕಾಗ್ತದ."

ಹೋಗಲಿಕ್ಕೆ ಜಾಗ ಇರಲಿಲ್ಲ. ಬೆಳಿಗ್ಗೆ ಟ್ರಕ್ಕು ಹತ್ತುವ ಮೊದಲು ಕತ್ತಲಲ್ಲಿ ಒಮ್ಮೆ, ಸಂಜೆ ಇಳಿದ ಮೇಲೆ ಕತ್ತಲಲ್ಲಿ ಒಮ್ಮೆ. ನಡುವೆ ಇಡೀ ದಿನ ಬೋರಿವಲಿಯ ಬಯಲು. ಒಂದು ಕಡೆ ರಸ್ತೆ, ಒಂದು ಕಡೆ ಜನ ತುಂಬಿದ ಚಾಳು, ಇನ್ನೊಂದು ಕಡೆ ಕಂಪೌಂಡು ಗೋಡೆ. ಗಂಡಸರಿಗೆ ಆ ಗೋಡೆ ಸಾಕಾಗುತ್ತಿತ್ತು. ನಾವು ನೀರು ಬಿಟ್ಟಿದ್ದೆವು. ಎಲ್ಲ ಹೆಂಗಸರೂ ಹಾಗೇ. ಅದು ಕೆಲಸದ ಒಂದು ಭಾಗ ಎಂದುಕೊಂಡಿದ್ದೆವು.

ನರ್ಸು, ನೀರು ಕುಡಿಯದಿದ್ದರೆ, ಹೀಗೆ ತಡೆದುಕೊಂಡೇ ಇದ್ದರೆ ಇದೂ ಹೋಗುತ್ತದೆ ಅಂದಳು. ಗುಳಿಗೆ ಕೊಟ್ಟಳು. ಗುಳಿಗೆ ನುಂಗಲಿಕ್ಕೂ ನೀರು ಬೇಕು.

ಇಂಡಿಯವಳಿಗೆ ಹೇಳಿದೆ. ಅವಳು ವಾರ ವಾರವೂ ಮುಕಾದಮನ ಹತ್ತಿರ ಹೋದಳು. ಸಿಮೆಂಟಿನ ಗೋದಾಮಿನ ಹಿಂದೆ ತಗಡಿನ ಹಾಳೆಗಳು ಒಟ್ಟಿದ್ದವು, ಎಲ್ಲರ ಕಣ್ಣಿಗೂ ಕಾಣುವಂತೆ.

"ನಾಕ ತಗಡ ಕೊಡೋ ಎಪ್ಪಾ. ಉಸುಕಿನ ಗುಂಪಿ ಹಿಂದ ಒಂದ ಮರೆ ಮಾಡ್ಕೋತೀವಿ."

"ಮುಂದಿನ ವಾರ ನೋಡೂನಬೇ."

"ಮುಂದಿನ ವಾರ ಅಂತ ಹ್ವಾದ ವಾರನೂ ಅಂದಿ."

"ಸಾಹೇಬ್ರ ಕೇಳಬೇಕಾಗ್ತದ."

"ಕೇಳು."

"ಹೆಂಗ ಕೇಳೂದಬೇ ಅಂಥಾದ್ದು? ನಾ ಗಂಡಸ!"

ಇಂಡಿಯವಳು ಉಗುಳಿ ಬಂದಳು. ನನ್ನ ಗಂಡನಿಗೆ ನಾನೇ ಹೇಳಿದೆ, ನೀನು ಕೇಳು ಎಂದು. ಅವನು ನೆಲ ನೋಡಿದ. ಅವನು ಕೆಟ್ಟವನಲ್ಲ. ನರ್ಸಿನ ಮಾತು ಕೇಳಿ ಆ ದಿನ ಅವನು ಊಟ ಮಾಡಿರಲಿಲ್ಲ. ಆದರೆ ಕೇಳಲು ಅವನಿಗೆ ನಾಚಿಕೆ. ಬೇಕಾದರೆ ಅತ್ತಾನು, ಕೇಳಲಾರ.

ಹೀಗಿರುವಾಗ ಎರಡನೇ ಮಜಲೆಯ, ಅಂದರೆ ಎರಡನೇ ಅಂತಸ್ತಿನ, ಸ್ಲ್ಯಾಬ್ ಬಂತು.

ಸ್ಲ್ಯಾಬ್ ಎಂದರೆ ಹೆರಿಗೆ ಇದ್ದ ಹಾಗೆ. ಒಮ್ಮೆ ಶುರುವಾದರೆ ನಡುವೆ ಬಿಡಲು ಬರುವುದಿಲ್ಲ. ಬಿಟ್ಟರೆ ಹಾಕಿದ ಮಾಲು, ಅಂದರೆ ಕಲಸಿದ ಸಿಮೆಂಟು, ಬಿಗಿಯುತ್ತದೆ, ಹೊಸ ಮಾಲು ಅದಕ್ಕೆ ಕೂಡುವುದಿಲ್ಲ, ಅಲ್ಲೊಂದು ಗೆರೆ ಬಿದ್ದು ಮಳೆಗಾಲದಲ್ಲಿ ನೀರು ಜಿನುಗುತ್ತದೆ. ಸೈಟಿನಲ್ಲಿ ನಾಯಿಗೂ ಇದು ಗೊತ್ತಿತ್ತು. ಅದಕ್ಕೇ ಆ ದಿನ ಸಾಹೇಬ, ಅಂದರೆ ಇಂಜಿನಿಯರು, ಬೆಳಿಗ್ಗೆಯೇ ಮೇಲೆ ಹೋಗಿ ಛತ್ರಿ ಹಿಡಿದು ನಿಂತಿದ್ದ. ಎಳೆ ಹುಡುಗ. ಅವನ ಮೊದಲನೇ ಬಿಲ್ಡಿಂಗು ಎಂದು ಮಾತಿತ್ತು.

ಬಸುರಿ ಎಂದು ನನ್ನನ್ನು ಇಳಿಜಾರಿನ ನಡುವೆ ನಿಲ್ಲಿಸಿದ್ದರು. ಬಗ್ಗುವುದೂ ಬೇಡ, ಏರುವುದೂ ಬೇಡ. ನರ್ಸಿನ ಮಾತು ಕೇಳಿ ಆ ದಿನ ನಾನು ನೀರು ಕುಡಿದು ಬಂದಿದ್ದೆ. ಪೂರ್ತಿ ಒಂದು ತಂಬಿಗೆ. ಬಿಸಿಲೇರುವ ಹೊತ್ತಿಗೆ ನನಗೆ ಹಾಡೂ ಬೇಡ, ಕೂಸೂ ಬೇಡ ಅನ್ನಿಸುತ್ತಿತ್ತು. ಒಂದೊಂದು ಘಮೇಲಾ ಎತ್ತಿದಾಗಲೂ ಹಲ್ಲು ಕಚ್ಚುತ್ತಿದ್ದೆ. ಕೆಳಗೆ ನನ್ನ ಗಂಡ ತನ್ನ ಮಗ್ಗಲು ಮುಗಿಸಿ ದನಿ ಇಳಿಸಿದ. ಈಗ ನಮ್ಮ ಸರದಿ. ನಾನು ಬಾಯಿ ತೆರೆದೆ. ಕ್ಯಾಸೆಟ್ಟಿನ ಪದ ನೆನಪಿಗೆ ಬರಲಿಲ್ಲ. ಇದು ಬಂತು.

*ಹತ್ತ ಮಾಳಗಿ ಎಬ್ಬಸ್ತಾಳ ಹೆಣ್ಣಾ,*
*ಹೊತ್ತಿಗೆ ಕೂಡ್ರಾಕ ಎಲ್ಲಿ ಹೋಗಲಣ್ಣಾ?*

ನಾನೇನೂ ಕಟ್ಟಿಕೊಂಡು ಬಂದಿರಲಿಲ್ಲ. ಕ್ಯಾಸೆಟ್ಟಿನ ಹೆಂಗಸಿನ ಮಟ್ಟು ಬಾಯಲ್ಲಿತ್ತು, ಸಂಕಟ ಹೊಟ್ಟೆಯ ಕೆಳಗಿತ್ತು. ಎರಡೂ ಕೂಡಿದವು. ಹಿಂದಿನ ಹೆಂಗಸರು ಗೀಗೀ ಎಂದು ದನಿ ಎತ್ತಿ, ಅರ್ಥವಾಗುತ್ತಲೇ ನಿಲ್ಲಿಸಿದರು. ಆಮೇಲೆ ಒಬ್ಬೊಬ್ಬರೇ ಘಮೇಲಾ ಕೆಳಗಿಟ್ಟರು. ನಿಯಮ.

ಗಂಡಸರು ಮೊದಲು ನಕ್ಕರು. ಎಂದಿನಂತೆ ಜವಾಬು ಬಾರದ ನಗೆ. ನನ್ನ ಗಂಡ ಮಾತ್ರ ನಗಲಿಲ್ಲ. ಸಲಿಕೆ ಹಿಡಿದು ಹಾಗೇ ನಿಂತ.

ಮೇಲಿಂದ ಸಾಹೇಬ ಬಗ್ಗಿ ನೋಡಿ ಕೂಗಿದ. "ಏ ಮುಕಾದಮ್! ಮಾಲ್ ಕಾಯ್ಕು ರುಕಾ?"

"ಸಾಬ್, ಸವಾಲ್ ಪೂಛಾ ಹೈ."

"ಕಿಸ್ನೇ?"

"ಲೇಡೀಸ್ ಲೋಗ್ ನೇ. ಜೆಂಟ್ಸ್ ಕೋ."

"ತೋ ಜವಾಬ್ ದೇ ದೋ ನಾ!"

"ಜವಾಬ್ ಆತಾ ನಹೀಂ ಸಾಬ್."

"ಅರೇ, ಸವಾಲ್ ಕ್ಯಾ ಹೈ?"

ಮುಕಾದಮ ತನ್ನ ಚಪ್ಪಲಿ ನೋಡಿಕೊಂಡ. ಇಡೀ ಸೈಟು ಅವನನ್ನು ನೋಡುತ್ತಿತ್ತು. ತಿಂಗಳಿಂದ ಕೇಳಲಾಗದ ಮಾತನ್ನು ಈಗ ಎರಡು ಮಜಲೆ ಎತ್ತರಕ್ಕೆ ಕೂಗಿ ಹೇಳಬೇಕಾಗಿತ್ತು.

"ಬಾಥ್‌ರೂಮ್ ಕಾ ಹೈ, ಸಾಬ್!"

ಪಕ್ಕದ ಚಾಳಿನವರೂ ಕಿಟಕಿಗೆ ಬಂದರು. ಸಾಹೇಬ ನನ್ನ ಹೊಟ್ಟೆ ನೋಡಿದ, ಕೈಗಡಿಯಾರ ನೋಡಿದ, ಮಾಲು ನೋಡಿದ. ಮುಖ ಕೆಂಪಾಯಿತು. ನಾಳೆ ಖಂಡಿತ ಮಾಡಿಸುತ್ತೇನೆ, ಈಗ ಸ್ಲ್ಯಾಬ್ ಮುಗಿಸಿ ಎಂದು ಹಿಂದಿಯಲ್ಲಿ ಹೇಳಿದ. ಮುಕಾದಮ ಅದನ್ನು ನಮಗೆ ಕನ್ನಡದಲ್ಲಿ ಹೇಳಿದ, ನಮಗೆ ಹಿಂದಿ ಬರುವುದಿಲ್ಲವೇನೋ ಎಂಬಂತೆ.

ಇಂಡಿಯವಳು ಉಗುಳಿದಳು. "ನಾಳಿ ಅನ್ನೂದು ಜವಾಬ ಅಲ್ಲೋ. ಜವಾಬ ಅಂದ್ರ ಹಾಡಿನ್ಯಾಗ ಬರಬೇಕು, ಇಲ್ಲಾ ತಗಡಿನ್ಯಾಗ ಬರಬೇಕು."

"ಕ್ಯಾ ಬೋಲಿ?" ಅಂದ ಸಾಹೇಬ.

"ಸಾಬ್, ಗಾನಾ ಪಡ್ತಾ, ನಹೀಂ ತೋ ಪತ್ರಾ ದೇನಾ ಪಡ್ತಾ" ಎಂದು ಮುಕಾದಮ ತಗಡಿನ ಕಡೆ ಕೈ ಮಾಡಿದ.

ಸಾಹೇಬನಿಗೆ ಹಾಡಲು ಬರುತ್ತಿರಲಿಲ್ಲ ಎಂದು ಕಾಣುತ್ತದೆ. "ದೇ ದೋ, ದೇ ದೋ! ಜಲ್ದೀ!" ಅಂದ.

ಮೊದಲು ಓಡಿದವನು ನನ್ನ ಗಂಡ. ಸಲಿಕೆ ಒಗೆದು ಗೋದಾಮಿನ ಹಿಂದೆ ಹೋಗಿ ಒಂದು ತಗಡು ತಲೆಯ ಮೇಲೆ ಹೊತ್ತು ತಂದ. ಅವನ ಹಿಂದೆ ಇನ್ನಷ್ಟು ಜನ. ಬಿದಿರು ನೆಟ್ಟು, ಕಾಥಿ ಹಗ್ಗ ಬಿಗಿದು, ಉಸುಕಿನ ಗುಂಪಿಯ ಹಿಂದೆ ನಿಲ್ಲಿಸಿದರು. ಮೂರು ಕಡೆ ತಗಡು, ನಾಲ್ಕನೆಯದನ್ನು ಸರಿಸಿ ಒಳಗೆ ಹೋಗುವುದು. ಇಷ್ಟು ಬೇಗ ಆಗುವ ಕೆಲಸಕ್ಕೆ ಇಷ್ಟು ದಿನ ನೀರು ಬಿಟ್ಟಿದ್ದೆವು.

"ನಡಿ" ಎಂದು ಇಂಡಿಯವಳು ನನ್ನನ್ನು ಮುಂದೆ ದಬ್ಬಿದಳು. ಮೊದಲು ನಾನೇ ಹೋಗಬೇಕು, ಸವಾಲು ಕೇಳಿದವಳು ನಾನು.

ಒಳಗೆ ಹೋಗಿ ಕುಂತೆ. ಬರಲಿಲ್ಲ.

ಹೊರಗೆ ಯಾರೂ ಮಾತಾಡುತ್ತಿರಲಿಲ್ಲ. ಮಿಕ್ಸರು ಬಂದ್ ಮಾಡಿದ್ದರು. ಹಾಡು ನಿಂತಿತ್ತು. ಕೆಳಗೆ ಗಂಡಸರು, ಇಳಿಜಾರಿನ ಮೇಲೆ ಹೆಂಗಸರು, ಮೇಲೆ ಛತ್ರಿ ಹಿಡಿದ ಸಾಹೇಬ, ಕಿಟಕಿಯಲ್ಲಿ ಚಾಳಿನ ಜನ. ಎಲ್ಲರೂ ಕಾಯುತ್ತಿದ್ದರು. ನಾನು ಎದ್ದು ಬಂದರೆ ಸ್ಲ್ಯಾಬ್ ಮುಂದೆ ಹೋಗುತ್ತದೆ. ಬೆಳಗಿನಿಂದ ಜೀವ ತಿಂದದ್ದು ಈಗ ಬೇಡವೇ ಬೇಡ ಎಂದು ಗಟ್ಟಿಯಾಗಿ ಕುಂತುಬಿಟ್ಟಿತು. ಒಂದು ಕಾಗೆ ಕೂಗಿತು. ಅದೂ ಸುಮ್ಮನಾಯಿತು.

ಸಾಹೇಬನ ದನಿ ಕೇಳಿತು. "ಹುವಾ ಕ್ಯಾ?"

ಮುಕಾದಮ ತಗಡಿನ ಹತ್ತಿರ ಬಂದು, ಆ ಕಡೆ ಮುಖ ಮಾಡಿ ಕೇಳಿದ. "ಆತೇನಬೇ ಯವ್ವಾ?"

"ಇಲ್ಲ!"

"ಇನ್ನ ಎಷ್ಟೊತ್ತ?"

"ನೀವ ಹಿಂಗ ಕಿವಿ ಕೊಟ್ಕೊಂತ ನಿಂತ್ರ ಸಂಜಿತನಕ ಇಲ್ಲೇ ನಾ! ಯಾರರೆ ಏನರೆ ಹಾಡ್ರಿ!"

ಹೆಂಗಸರು ಹಾಡುವಂತಿಲ್ಲ. ಜವಾಬು ಇನ್ನೂ ಪೂರ್ತಿಯಾಗಿಲ್ಲ. ಅಂಥ ಹೊತ್ತಿನಲ್ಲೂ ಇಂಡಿಯವಳು ನಿಯಮ ಬಿಡಲಿಲ್ಲ. ಆಮೇಲೆ ನನ್ನ ಗಂಡನ ದನಿ ಎದ್ದಿತು, ತೀರ ಹತ್ತಿರದಿಂದ. ತಗಡಿನ ಆಚೆಯೇ ನಿಂತಿದ್ದ. ಅವನಿಗೆ ಬರುತ್ತಿದ್ದದ್ದು ಮೊದಲನೇ ಮಗ್ಗಲು ಒಂದೇ. ಅದನ್ನೇ ಎತ್ತಿದ. ಗಂಡು ಹುಟ್ಟಿದ ಮೇಲೇ ಜಗತ್ತು ಹುಟ್ಟಿತು, ಗಂಡಿನ ಬಲದಿಂದಲೇ ಭೂಮಿ ನಿಂತಿತು, ಗಂಡಿಲ್ಲದಿದ್ದರೆ ಹೆಣ್ಣಿಗೆ ನೆರಳೆಲ್ಲಿ ಎಂದು ಗಂಟಲು ಹರಿಯುವಂತೆ ಹಾಡಿದ. ಉಳಿದ ಗಂಡಸರೂ ದನಿ ಕೂಡಿಸಿದರು. ಯಾರೋ ಘಮೇಲಾ ಬೋರಲು ಹಾಕಿ ದಪ್ಪಿನಂತೆ ಬಾರಿಸಿದರು.

ನಾನು ಕುಂತಲ್ಲೇ ಎಲ್ಲ ಕೇಳಿದೆ. ಭೂಮಿ ನಿಲ್ಲುವ ಹೊತ್ತಿಗೆ ಬಂತು.

ಹೊರಗೆ ಬಂದಾಗ ಅವನು ಇನ್ನೂ ಹಾಡುತ್ತಿದ್ದ. ಕೈಯಲ್ಲಿ ಸಾಕು ಎಂದು ತೋರಿಸಿದೆ. ನನ್ನ ಹಿಂದೆ ಉಳಿದ ಹೆಂಗಸರು ಸಾಲಾಗಿ ಒಬ್ಬೊಬ್ಬರೇ ಹೋಗಿ ಬಂದರು. ಸಾಹೇಬ ಮೇಲಿಂದ ಏನೇನೋ ಕೂಗಿದ. ಇಂಡಿಯವಳು ಎಲ್ಲರಿಗಿಂತ ಕೊನೆಗೆ ಹೋದಳು, ಎಲ್ಲರಿಗಿಂತ ಹೆಚ್ಚು ಹೊತ್ತು ಕುಂತಳು. ಅದು ಬೇಕಂತಲೇ ಎಂದು ನನ್ನ ಅನುಮಾನ. ಅಷ್ಟರಲ್ಲಿ ಮೇಲಿನ ಮಾಲು ಬಿಗಿದಿತ್ತು. ಗೆರೆ ಬಿದ್ದೇ ಬಿತ್ತು. ಎರಡನೇ ಮಜಲೆಯ ಆ ಮನೆಯನ್ನು ಯಾರು ಕೊಂಡರೋ. ಮಳೆಗಾಲದಲ್ಲಿ ಅವರ ಗೋಡೆಯ ಮೇಲೆ ಒಂದು ಉದ್ದ ಹಸಿ ಗೆರೆ ಮೂಡುತ್ತಿರಬೇಕು.

ಸಂಜೆ ಟ್ರಕ್ಕಿನಲ್ಲಿ ನನ್ನ ಗಂಡ, "ನಿನ್ನ ಸುದ್ದಿ ಇಡೀ ಬೋರಿವಲಿಗೆ ಡಂಗುರಾ ಹೊಡದಂಗಾತು" ಅಂದ.

"ಡಂಗುರಾ ಹೊಡದಾಂವ ನೀ. ನಾ ಬರೇ ಕೇಳೀನಿ" ಅಂದೆ.

ಅವನು ತನ್ನ ನೀರಿನ ಬಾಟಲಿ ನನಗೆ ಕೊಟ್ಟ. ಕುಡಿದೆ.

ಮಗಳು ದಿನ ತುಂಬಿದ ಮೇಲೇ ಹುಟ್ಟಿದಳು. ಈಗ ದಹಿಸರ್‌ನಲ್ಲಿ ಅವಳ ಮನೆಯಲ್ಲೇ ನಾನಿರುವುದು. ಕ್ಯಾಸೆಟ್ಟು ಆ ಮುಂದಿನ ವರ್ಷ ಹೋಯಿತು, ಚಹಾದಂಗಡಿಯ ಟೇಪು ಅದನ್ನು ನುಂಗಿ ಎಳೆ ಎಳೆಯಾಗಿ ಉಗುಳಿತು. ಅಂಗಡಿಯವನು ಬೇರೆ ಕ್ಯಾಸೆಟ್ಟು ಹಾಕಿದ, ಬರೇ ಪ್ರೀತಿ ಪ್ರೇಮದ ಹಾಡುಗಳು. ಗಂಡಸರು ಅದನ್ನು ಎರಡೂ ಮಗ್ಗಲು ಕೇಳಿದರು.

ತಗಡಿನ ಕಥೆ ಹೇಳಿಬಿಡುತ್ತೇನೆ. ಗಂಡಸರು ಕಟ್ಟಿದ್ದಕ್ಕೆ ಮೇಲೆ ಏನೂ ಇರಲಿಲ್ಲ. ಮೇಲಿಂದ ಯಾರಾದರೂ ನೋಡಬಹುದು ಎಂಬುದು ಅವರ ತಲೆಗೆ ಹೊಳೆದೇ ಇರಲಿಲ್ಲ, ಕಟ್ಟುತ್ತಿದ್ದದ್ದು ಮಾತ್ರ ಮಜಲೆಯ ಮೇಲೆ ಮಜಲೆ. ಮೂರನೇ ಮಜಲೆಗೆ ಸೆಂಟ್ರಿಂಗ್ ಹಲಗೆ ಹಾಕುವ ಹೊತ್ತಿಗೆ ಕೆಳಗೆ ಎಲ್ಲ ಕಾಣುತ್ತಿತ್ತು. ನಾವು ಒಬ್ಬರು ಹೋದಾಗ ಇನ್ನೊಬ್ಬರು ಮೇಲೆ ಸೀರೆ ಹಿಡಿದು ನಿಲ್ಲುತ್ತಿದ್ದೆವು.

ಮೂರನೇ ಸ್ಲ್ಯಾಬಿನ ದಿನ ಮುಕಾದಮ ಮಿಕ್ಸರು ಶುರು ಮಾಡುವ ಮೊದಲು ಕೈ ಎತ್ತಿದ. ಹಿಂದಿನ ಸಲ ಸಾಹೇಬನಿಂದ ಅವನಿಗೆ ಸಾಕಷ್ಟು ಬಿದ್ದಿತ್ತು. ಇನ್ನು ಮೇಲೆ ಸ್ಲ್ಯಾಬಿನ ದಿನ ಹಾಡು ಬಂದ್ ಎಂದು ಹೇಳುತ್ತಾನೆ ಎಂದುಕೊಂಡೆವು. ಆದರೆ ಹಾಡಿಲ್ಲದೆ ಕೈ ಓಡುವುದಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನೋಡ್ರಬೇ," ಅಂದ, "ಸವಾಲ ಏನರೆ ಇದ್ರ ಈಗ ಕೇಳಿಬಿಡ್ರಿ. ಮಾಲ ಬಿದ್ದ ಮ್ಯಾಲೆ ಸವಾಲ ಇಲ್ಲ."

ನಾವೆಲ್ಲ ಇಂಡಿಯವಳ ಮುಖ ನೋಡಿದೆವು. ಅವಳು ಎಲೆ ಅಡಿಕೆ ಉಗುಳಿ, ಬಾಯಿ ಒರೆಸಿಕೊಂಡು, ತಲೆ ಎತ್ತಿ ಮೂರನೇ ಮಜಲೆ ನೋಡಿದಳು. ಆಮೇಲೆ ತಗಡು ನೋಡಿದಳು.

"ಒಂದ ಐತಿ" ಅಂದಳು.